ಸಮ ಬಿದ್ದರೆ

ಹಾಸನದ ಆಲೂಗಡ್ಡೆ ಮಂಡಿಯ ಹಿಂದೆ, ಬಿತ್ತನೆ ಗೋಡೌನಿನ ಮೇಲೆ
ಹಲಗೆ ನೆಲದ ಒಂದು ಕೋಣೆ. ಬಾಡಿಗೆ ಕಡಿಮೆ, ವಾಸನೆ ಜಾಸ್ತಿ.
ಭಾನುವಾರ ನಾಲ್ಕಕ್ಕೆ ಅಲ್ಲೊಂದು ಕೋಟೆ ಏಳುತ್ತದೆ:
ಮೆಲ್ವಿನ್ ಚೌಕುಳಿ ಹಾಳೆಯಲ್ಲಿ ಬುರುಜು ಬರೆಯುತ್ತಾನೆ,
ನಾನು ಕತೆ ನಡೆಸುತ್ತೇನೆ,
ತಬಸ್ಸುಮ್ ಕಳ್ಳಿ, ಜಿನೇಂದ್ರ ಕಾವಲುಗಾರ.

ಇಬ್ಬರ ಬಳಿಯೂ ಒಂದೊಂದು ದಾಳವಿತ್ತು, ಇಪ್ಪತ್ತು ಮುಖದ್ದು.
ಅವಳು ಹೆಜ್ಜೆ ಕದ್ದರೆ ಅವನು ಕಿವಿ ನಿಮಿರಿಸಬೇಕು,
ಇಬ್ಬರೂ ಎಸೆಯಬೇಕು, ದೊಡ್ಡದು ಬಿದ್ದವರದು ಗರ.
ಹೋದ ಜೂನಿನಲ್ಲಿ ಅವಳ ಕೆಂಪು ದಾಳ ಉರುಳಿ ಉರುಳಿ
ಹಲಗೆಯ ಸಂದಿಯಲ್ಲಿ ಜಾರಿ
ಜಲಂಧರದಿಂದ ಬಂದ ಚೀಲಗಳ ನಡುವೆ ಎಲ್ಲಿಗೋ ಹೋಯಿತು.
ಎಷ್ಟು ಬಿತ್ತೆಂದು ಯಾರೂ ನೋಡಲಿಲ್ಲ.
'ಇಪ್ಪತ್ತು' ಎಂದಳು ತಬಸ್ಸುಮ್. ಇವತ್ತಿಗೂ ಅನ್ನುತ್ತಾಳೆ.

ಹಾಗಾಗಿ ನಾನೊಂದು ಪ್ರೋಗ್ರಾಮ್ ಬರೆದೆ,
ಪಾಲಿಟೆಕ್ನಿಕ್ಕಿನ ಲ್ಯಾಬಿನಲ್ಲಿ, ಹುಡುಗರು ಊಟಕ್ಕೆ ಹೋದಾಗ,
ಹನ್ನೊಂದು ಸಾಲು.
ಗುಂಡಿ ಒತ್ತಿದರೆ ಎರಡು ದಾಳ ಒಟ್ಟಿಗೆ,
ಅವಳ ಚುರುಕಿಗೆ ಐದು ಕೂಡಿಸಿ, ಅವನ ಎಚ್ಚರಕ್ಕೆ ನಾಲ್ಕು,
ಒಂದರೆದುರು ಒಂದನ್ನು ಅಳೆದು ಒಂದೇ ಹೆಸರು ಹೇಳುತ್ತದೆ.
ಕೈಚಳಕವಿಲ್ಲ, ಮೇಜು ಅಲ್ಲಾಡಿತು ಎನ್ನುವಂತಿಲ್ಲ.
ಮೊದಲ ವಾರ ಎಲ್ಲರೂ ಹೊಗಳಿದರು.
ಎರಡನೇ ವಾರ ಜಿನೇಂದ್ರ, 'ಸದ್ದೇ ಇಲ್ಲವಲ್ಲ' ಎಂದ.
ಹೌದು. ಗರ ಬೀಳುವ ಮೊದಲಿನ ಆ ಕಟಕಟ,
ಉಸಿರು ಹಿಡಿಯಲು ಸಿಗುತ್ತಿದ್ದ ಒಂದು ಚೂರು ಹೊತ್ತು,
ಅದನ್ನು ಬರೆಯಲು ನನಗೆ ಬಂದಿರಲಿಲ್ಲ.

ದೀಪಾವಳಿ ಕಳೆದ ಮೇಲೆ ಮೆಲ್ವಿನ್ ಅದರ ಹಳೆಯ ಲೆಕ್ಕ ತೆಗೆದ.
ಇನ್ನೂರ ಹನ್ನೆರಡು ಸಲ ಮುಖಾಮುಖಿ. ಹತ್ತು ಸಲ ಸಮ.
ಹತ್ತಕ್ಕೆ ಹತ್ತೂ ಜಿನೇಂದ್ರನಿಗೆ.
'ಅವಳದು ಹೆಚ್ಚಿದ್ದರೆ' ಎಂದು ಬರೆದಿದ್ದೆ; ಮಿಕ್ಕಿದ್ದೆಲ್ಲ ಕಾವಲುಗಾರ.
ಬೇಕೆಂದು ಮಾಡಿದ್ದಲ್ಲ. ಬೇಡವೆಂದೂ ಯೋಚಿಸಿರಲಿಲ್ಲ.
ಒಂದು ಗೀಟು ಕಡಿಮೆ, ಹತ್ತು ಸಲ ಸೆರೆ,
ಅದರಲ್ಲೊಂದು ಸಲ ಅವಳ ಕಳ್ಳಿಯ ಎಡಗೈ ಹೋಗಿತ್ತು.
ಗರ ಬಡಿದವರಂತೆ ಕೂತೆವು.
ತಬಸ್ಸುಮ್ ಕೂಗಾಡಲಿಲ್ಲ. ಚಹಾ ಲೋಟವನ್ನು
ಎಡಗೈಯಿಂದ ಬಲಗೈಗೆ ಬದಲಿಸಿದಳು, ಅಷ್ಟೆ.

'ಇನ್ನು ಸಮ ನನಗೆ.'
'ಕೋಟೆ ಯಾರದೋ ಸಮ ಅವರಿಗೆ.'
'ಮತ್ತೆ ಎಸೆಯಲಿ' ಎಂದ ಮೆಲ್ವಿನ್.
'ಮತ್ತೂ ಸಮ ಬಂದರೆ?'
'ಮತ್ತೆ.'

ಆಗಲೇ ಮೆಟ್ಟಿಲೇರಿ ಬಂದ ಹಮಾಲಿ ದ್ಯಾವಯ್ಯ,
ಅಂಗೈಯಲ್ಲಿ ಮಣ್ಣು ಮೆತ್ತಿದ ಕೆಂಪು ದಾಳ.
'ಗುಡಿಸ್ವಾಗ ಸಿಕ್ತು. ನಿಮ್ದೇ ಇರ್ಬೇಕು,
ನಮ್ಮ ಮಾಲ್ಗೆ ಇಷ್ಟೊಂದು ಮೂಲೆ ಇರಲ್ಲ.'
ಯಾವ ಮುಖ ಮೇಲಿತ್ತು ಎಂದಳು ತಬಸ್ಸುಮ್, ಆಸೆಯಿಂದ.
'ಗುಡಿಸಿದ್ಮೇಲೆ ಏನವ್ವ ಮುಖ.'
ಜಗಳ ಏನೆಂದು ಕೇಳಿದ. ಹೇಳಿದೆವು.
'ಸಮ ಬಂದ್ರೆ ಜಗಳ್ವಾ? ತಕ್ಕಡಿ ಮುಂದೆ ಮೂವತ್ತು ವರ್ಷ ನಿಂತಿವ್ನಿ,
ಮುಳ್ಳು ನೆಟ್ಟಗೆ ನಿಲ್ಲಲಿ ಅಂತಾನೇ ಎಲ್ರೂ ಕಾಯೋದು.
ನಿಂತ್ರೆ ಇಬ್ರೂ ಕೈ ಒರೆಸ್ಕೊಂಡು ಹೋಯ್ತಾರೆ.'
ಮೆಲ್ವಿನ್ನನ ಚಹಾ ಕುಡಿದು ಇಳಿದು ಹೋದ.

ಅವನು ಹೇಳಿದ್ದು ಪೂರ್ತಿ ನಿಜವಲ್ಲ.
ಮುಳ್ಳಿಗೆ ಬೆರಳು ತಾಗಿಸುವವರನ್ನೂ ಇದೇ ಮಂಡಿಯಲ್ಲಿ ನೋಡಿದ್ದೇನೆ,
ನನ್ನ ಬೆರಳನ್ನೂ ಈಗ ನೋಡಿದೆ.
ಆದರೂ ಅವತ್ತು ರಾತ್ರಿ ಹನ್ನೆರಡನೇ ಸಾಲು ಸೇರಿಸಿದೆ:
ಸಮ ಬಿದ್ದರೆ ಯಾರ ಹೆಸರೂ ಹೇಳಬೇಡ,
ಒಬ್ಬರ ಉಸಿರು ಇನ್ನೊಬ್ಬರಿಗೆ ಕೇಳಿಸಲಿ.

ಮೂರು ಭಾನುವಾರ ಸಮ ಬೀಳಲೇ ಇಲ್ಲ.
ನಾಲ್ಕನೆಯದು: ಉತ್ತರದ ಬುರುಜು, ಪಂಜು ಆರಿದೆ,
ಹದಿನೇಳು, ಹದಿನೇಳು.
'ಯಾರದು?' ಎಂದ ಜಿನೇಂದ್ರ,
ಕಾವಲಿನ ದನಿ ಮರೆತು, ತನ್ನದರಲ್ಲೇ.
ತಬಸ್ಸುಮ್ ಕೆಂಪು ದಾಳವನ್ನು ಬೆರಳಲ್ಲಿ ತಿರುಗಿಸುತ್ತ ಕೂತಳು.
ಮುಂದೇನೆಂದು ಹನ್ನೆರಡು ಸಾಲಲ್ಲಿ ಎಲ್ಲೂ ಇಲ್ಲ.
ಮೆಲ್ವಿನ್ ಪೆನ್ಸಿಲ್ ಕೆಳಗಿಟ್ಟ.